ಹದಿನಾಲ್ಕು ಶಾಲು, ಒಂದು ಕುದುರೆ

ನನಗೆ ಕೋಪ ಬಂದಿದೆ. ಯಾರ ಮೇಲೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮೊದಲು ಕುದುರೆಯವನ ಮೇಲೆ ಬಂದಿತ್ತು. ಅಲ್ಲಿಂದ ನನ್ನ ಹೆಂಡತಿಯ ಅಣ್ಣನ ಮೇಲೆ ವರ್ಗಾವಣೆಯಾಯಿತು. ಆಮೇಲೆ ಮೈಕಿನವನು, ಪೇಟದವನು, ಸ್ವತಃ ಕುದುರೆ, ನಮ್ಮ ಮನೆಯ ಫ್ರಿಜ್ಜು, ಹೀಗೆ ಊರೆಲ್ಲ ಸುತ್ತಿ ಈಗ ನನ್ನ ಬಾಗಿಲಿಗೇ ಬಂದು ನಿಂತಿದೆ. ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೇನೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕೂತು ಕಲಿತದ್ದು ಒಂದೇ ಪಾಠ: ಮೂಲ ದಾಖಲೆ ನೋಡದೆ ಯಾರನ್ನೂ ನಂಬಬಾರದು. ಹಾಗಾಗಿ ಯಾರು ಏನೇ ಹೇಳಲಿ, "ದಾಖಲೆ ಎಲ್ಲಿದೆ?" ಎನ್ನುತ್ತೇನೆ. ಈ ಒಂದು ಪ್ರಶ್ನೆಯ ದೆಸೆಯಿಂದ ಮೂರು ಮದುವೆಮನೆಗಳಲ್ಲಿ ಊಟಕ್ಕೆ ಮೊದಲೇ ಎದ್ದು ಬಂದಿದ್ದೇನೆ. ಈಚೆಗೆ ನನ್ನ ನೆನಪಿನ ಮೇಲೂ ಅನುಮಾನ ಶುರುವಾಗಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಊರಂಚಿನ ಬಟವಾಡಿಯಿಂದ ಗಾಡಿ ತಿರುಗಿಸಿಕೊಂಡು ಬಂದು ನೋಡಿದರೆ, ಗ್ಯಾಸ್ ಆರಿದೆ. ಮನೆಗೆ ಬೀಗ ಹಾಕಿಲ್ಲ! ಆದ್ದರಿಂದ ಈ ಬರಹವನ್ನು ನನ್ನ ಮಗಳು ಸಿಂಚನಾಗೆ ಓದಿಸಿದ್ದೇನೆ. ಅವಳು ನಾಲ್ಕು ಕಡೆ ತಿದ್ದಿದ್ದಾಳೆ. ಉಳಿದದ್ದು ನಿಜವಿರಬಹುದು.

ಸಿಂಚನಾ ಆರನೆಯ ಕ್ಲಾಸು. ಅವಳ ತಮ್ಮ ಚಿನ್ಮಯ, ಏಳು ವರ್ಷ, ಎಲ್ಲರಿಗೂ ಚಿನ್ನು. ಅವನಿಗೆ ಆಟಿಸಂ ಇದೆ. ಮಾತು ಕಡಿಮೆ, ಜೋರು ಸದ್ದು ಆಗುವುದಿಲ್ಲ, ನೀರು, ಮರಳು, ಬಾಳೆಹಣ್ಣು ಎಂದರೆ ಪ್ರಾಣ. ನಮ್ಮ ಮನೆಯ ಗಡಿಯಾರ ನಡೆಯುವುದೇ ಅವನ ಥೆರಪಿಯ ಪ್ರಕಾರ. ಸೋಮವಾರ ಮಾತಿನ ಥೆರಪಿ, ಬುಧವಾರ ಕೈಕಾಲಿನದು, ಶುಕ್ರವಾರ ಇನ್ನೊಂದು. ಈ ಗಡಿಬಿಡಿಯಲ್ಲಿ ಸಿಂಚನಾ ತನ್ನಷ್ಟಕ್ಕೆ ತಾನು ಜಡೆ ಹಾಕಿಕೊಂಡು, ಡಬ್ಬಿ ತುಂಬಿಕೊಂಡು ಸ್ಕೂಲಿಗೆ ಹೋಗಿಬಿಡುತ್ತಾಳೆ. "ದೊಡ್ಡವಳದೊಂದು ತೊಂದ್ರೆನೇ ಇಲ್ಲ ನೋಡಿ" ಎಂದು ನಾನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ವಾಕ್ಯ ಈಗ ನೆನಪಾದರೆ ಮೈ ಉರಿಯುತ್ತದೆ. ದುರದೃಷ್ಟವಶಾತ್ ಅದು ಮಾತ್ರ ಚೆನ್ನಾಗಿ ನೆನಪಿದೆ.

ಚಿನ್ನುವಿನ ಥೆರಪಿ ಕೇಂದ್ರದ ಶೈಲಾ ಮೇಡಂ ಒಂದು ದಿನ ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿ ಹೇಳಿದರು: "ಇಷ್ಟು ದಿನ ಈ ಮಕ್ಕಳ ಬಗ್ಗೆ ಮಾತಾಡಿದ್ವಿ. ಒಂದು ಭಾನುವಾರ ಇವರ ಅಕ್ಕ, ಅಣ್ಣ, ತಂಗಿಯರಿಗೆ ಕೊಡೋಣ. ಆವತ್ತು ಚಿನ್ನು ಅಂಥೋರನ್ನ ನಮ್ಮ ವಾಲಂಟಿಯರ್ಸ್ ನೋಡ್ಕೋತಾರೆ. ನೀವು ಉಳಿದ ಮಕ್ಕಳ ಜೊತೆ ಆಟ ಆಡಬೇಕು. ಲಗೋರಿ, ಕುಂಟೆಬಿಲ್ಲೆ, ಏನಾದ್ರೂ. ಅಷ್ಟೇ ಕಾರ್ಯಕ್ರಮ."

ಜೊತೆಗೆ ಆ ಅಕ್ಕ, ಅಣ್ಣ, ತಂಗಿಯರಿಗೆಲ್ಲ ಒಂದೊಂದು ಚೀಟಿ ಕೊಟ್ಟು ಕಳಿಸಿದರು. ಅಪ್ಪ ಅಮ್ಮನ ಜೊತೆ ತಮಗೇನು ಮಾಡಬೇಕೆನಿಸುತ್ತದೋ ಅದನ್ನು ಒಂದು ಸಾಲಿನಲ್ಲಿ ಬರೆದು ಮನೆಯಲ್ಲಿ ಕೊಡಬೇಕು. ದೊಡ್ಡವರು ಚರ್ಚೆ ಮಾಡದೆ ಅದನ್ನು ನಡೆಸಿಕೊಡಬೇಕು.

ನನ್ನ ಭಾವ ಶಿವಣ್ಣನದು ಗುಬ್ಬಿಯ ಹತ್ತಿರ ತೆಂಗಿನ ತೋಟ. ನಾನು ತಕ್ಷಣ ಎದ್ದು ನಿಂತೆ. "ತೋಟ ನಂದು. ಅಂದ್ರೆ, ನಮ್ಮ ಭಾವನದು. ಇಡೀ ವ್ಯವಸ್ಥೆ ನನಗೆ ಬಿಡಿ."

"ತೋಟ ಸಾಕು ಸರ್. ವ್ಯವಸ್ಥೆ ಏನೂ ಬೇಡ" ಎಂದರು ಮೇಡಂ.

ನಾನು ಅದನ್ನು ವಿನಯ ಎಂದುಕೊಂಡೆ.

ಆ ಸಂಜೆ ಸಿಂಚನಾ ಚೀಟಿ ತಂದು ತೋರಿಸಿದಳು. ನಾನು ಫೋನಿನಲ್ಲಿದ್ದೆ. ಕಣ್ಣಾಡಿಸಿ, "ಸೂಪರ್ ಕಣಮ್ಮ!" ಎಂದೆ. "ಮರೀತೀಯ ನೀನು. ಫ್ರಿಜ್ ಮೇಲೆ ಅಂಟಿಸಿರ್ತೀನಿ" ಎಂದಳು. "ನಾನು ಮರೆಯೋದಾ!" ಎಂದು ನಕ್ಕೆ.

ಮಾರನೆಯ ದಿನ ಶಿವಣ್ಣನಿಗೆ ಫೋನು ಮಾಡಿದೆ. ಶಿವಣ್ಣ ಸುತ್ತಮುತ್ತಲ ಹಳ್ಳಿಗಳಲ್ಲಿ ಸನ್ಮಾನಪ್ರಿಯ ಎಂದೇ ಹೆಸರಾದವರು. ಹಾಲಿನ ಡೈರಿಗೆ ಹೊಸ ಕ್ಯಾನು ಬಂದರೂ ಯಾರಿಗಾದರೂ ಶಾಲು ಹೊದಿಸದೆ ಬಿಟ್ಟವರಲ್ಲ.

"ಆಟ ಆಡ್ಸದಾ?" ಎಂದರು ಶಿವಣ್ಣ. "ಏನ್ ಮೇಷ್ಟ್ರೇ ನೀವು! ಆ ಮಕ್ಳು ಎಷ್ಟು ತ್ಯಾಗ ಮಾಡವೆ. ಕರ್ದು ಲಗೋರಿ ಆಡಿ ಕಳ್ಸದಾ? ಮರ್ಯಾದೆ ಬೇಡ್ವಾ? ಒಂದು ಸ್ಟೇಜು, ಪೇಟ, ಹಾರ, ಶಾಲು, ಹಣ್ಣಿನ ಬುಟ್ಟಿ. ಮಿಕ್ಕಿದ್ದು ನಂಗೆ ಬುಡಿ."

ನನ್ನೊಳಗಿನ ಸಂದೇಹವಾದಿ ಆ ಕ್ಷಣ ಎಲ್ಲಿಗೆ ಹೋಗಿದ್ದನೋ ಗೊತ್ತಿಲ್ಲ. ಪುರೋಹಿತರನ್ನು ಪ್ರಶ್ನಿಸುತ್ತೇನೆ, ಪತ್ರಿಕೆಯನ್ನು ಪ್ರಶ್ನಿಸುತ್ತೇನೆ, ಶಾಲನ್ನು ಪ್ರಶ್ನಿಸಬೇಕೆಂದು ಹೊಳೆಯಲೇ ಇಲ್ಲ. ಅದರ ಮೇಲೆ ನಾನೇ ಸೇರಿಸಿದೆ: "ಬಿನ್ನವತ್ತಳೆನೂ ಇರಲಿ ಭಾವ. ನಾನೇ ಬರೀತೀನಿ."

ಹನ್ನೆರಡು ಕುಟುಂಬ, ಹದಿನಾಲ್ಕು ಮಕ್ಕಳು. ಹದಿನಾಲ್ಕು ಶಾಲು ಬಂದವು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಸಿಂಚನಾಳ ಆಸೆ ನಡೆಸಿಕೊಡಬೇಕಲ್ಲ! ಏನು ಬರೆದಿದ್ದಳು? ನೆನಪಿಸಿಕೊಂಡೆ. ಕುದುರೆ. ಹೌದು, ಕುದುರೆ ಎಂಬ ಪದ ಖಂಡಿತ ಇತ್ತು. 'ಚಿನ್ನುಗೆ ಕುದುರೆ ತೋರಿಸಬೇಕು.' ಎಂಥ ಮಗಳು! ತನಗೆ ಸಿಕ್ಕ ಒಂದು ಸಾಲನ್ನೂ ತಮ್ಮನಿಗೆ ಕೊಟ್ಟಳು! ನನ್ನ ಕಣ್ಣು ಒದ್ದೆಯಾಯಿತು. ತಾಲ್ಲೂಕು ಕಚೇರಿಯಿಂದ ಆಗಷ್ಟೇ ಬಂದು ಸೊಪ್ಪು ಸೋಸುತ್ತಿದ್ದ ಹೆಂಡತಿ ಗಿರಿಜಾಗೆ ಹೇಳಿದೆ.

"ಹಂಗೇ ಬರ್ದಿದ್ಲಾ?" ಎಂದಳು.

"ನಾನೇ ಓದಿದೀನಿ."

"ನೀವು ಓದಿದ್ದು ಬೇರೆ, ಅಲ್ಲಿರೋದು ಬೇರೆ ಇರುತ್ತೆ. ಒಂದ್ಸಲ ಅವಳನ್ನೇ ಕೇಳ್ರೀ."

"ಸರ್‌ಪ್ರೈಸ್ ಹಾಳಾಗುತ್ತೆ."

"ಚೀಟಿನಾದ್ರೂ ನೋಡಿ."

ಫ್ರಿಜ್ಜಿನ ಬಾಗಿಲು ನೋಡಿದೆ. ಅಲ್ಲಿ ಚಿನ್ನುವಿನ ಹೊಸ ಥೆರಪಿ ವೇಳಾಪಟ್ಟಿ ಇತ್ತು. ಚೀಟಿ ಇರಲಿಲ್ಲ. ಎಲ್ಲೋ ಬಿದ್ದಿರಬೇಕು. ಇರಲಿ, ಓದಿದವನು ನಾನಿದ್ದೇನಲ್ಲ!

ಮದುವೆಗೆ ಕುದುರೆ ಕಳಿಸುವ ಬಾಷಾ ಅವರನ್ನು ಹಿಡಿದೆ. ಬಿಳಿ ಕುದುರೆ, ಮೈತುಂಬ ಕನ್ನಡಿ ಹೊಲಿದ ಹೊದಿಕೆ, ಕಾಲಿಗೆ ಗೆಜ್ಜೆ. ಹನ್ನೊಂದು ಗಂಟೆಗೆ ಗುಬ್ಬಿ ತೋಟಕ್ಕೆ ಬರುವುದೆಂದು ಮಾತಾಯಿತು.

ಆ ಭಾನುವಾರ ಬೆಳಗ್ಗೆ ತೋಟ ತಲುಪಿದಾಗ ನನಗೇ ರೋಮಾಂಚನವಾಯಿತು. ಶಾಮಿಯಾನ, ಸಾಲು ಕುರ್ಚಿ, ದೀಪದ ಕಂಬ, ತೆಂಗಿನ ಮರದಿಂದ ಮರಕ್ಕೆ ಬ್ಯಾನರು: 'ತ್ಯಾಗಮಯಿ ಒಡಹುಟ್ಟಿದವರಿಗೆ ಅದ್ದೂರಿ ಅಭಿನಂದನೆ.' ಶೈಲಾ ಮೇಡಂ ಕೈಯಲ್ಲಿ ಲಗೋರಿ ಬಿಲ್ಲೆಗಳ ಚೀಲ ಹಿಡಿದುಕೊಂಡು ಬ್ಯಾನರನ್ನೇ ನೋಡುತ್ತ ನಿಂತರು.

"ಸರ್, ಇದೇನಿದು?"

"ನಿಮ್ಮ ಕಲ್ಪನೆಗೆ ಒಂದು ರೂಪ ಕೊಟ್ಟಿದ್ದೇವೆ ಮೇಡಂ!"

ಮಕ್ಕಳು ಆಟಕ್ಕೆಂದು ಹಳೇ ಬಟ್ಟೆ ಹಾಕಿಕೊಂಡು ಬಂದಿದ್ದರು. ಶಿವಣ್ಣ ಒಬ್ಬೊಬ್ಬರನ್ನೇ ಹಿಡಿದು ವೇದಿಕೆ ಹತ್ತಿಸಿದರು. ಪೇಟಗಳೆಲ್ಲ ದೊಡ್ಡವರ ಅಳತೆ. ತಲೆಗಿಟ್ಟರೆ ಸೀದಾ ಮೂಗಿನ ತನಕ ಇಳಿಯುತ್ತಿದ್ದವು. ಹದಿನಾಲ್ಕು ಮಕ್ಕಳು ಎರಡೂ ಕೈಯಲ್ಲಿ ಪೇಟ ಎತ್ತಿ ಹಿಡಿದುಕೊಂಡು, ಸೆಕೆಯಲ್ಲಿ ಶಾಲು ಹೊದ್ದು, ಸಾಲಾಗಿ ಕೂತವು.

ಪ್ರಾರ್ಥನೆ ಆಯಿತು. ದೀಪ ಹಚ್ಚಿದ್ದಾಯಿತು. ಗಾಳಿಗೆ ಆರಿತು. ಮತ್ತೆ ಹಚ್ಚಿದ್ದಾಯಿತು. ಸ್ವಾಗತ ಭಾಷಣ ಆಯಿತು. ಪ್ರಾಸ್ತಾವಿಕ ನುಡಿ ನನ್ನದು. ಹತ್ತು ನಿಮಿಷ ಮಾತಾಡಿದೆ ಎಂದು ನನ್ನ ನೆನಪು. (ಸಿಂಚನಾಳ ತಿದ್ದುಪಡಿ: ನಲವತ್ತು.)

ಅತ್ತ ಬೋರ್‌ವೆಲ್ ತೊಟ್ಟಿಯ ಹತ್ತಿರ ವಾಲಂಟಿಯರುಗಳ ಜೊತೆ ಚಿನ್ನು ಮತ್ತು ಅವನ ಗೆಳೆಯರು. ಅಲ್ಲಿ ಮರಳಿನ ರಾಶಿ, ನೀರಿನ ಟಬ್ಬು, ಬಣ್ಣ, ಬಾಳೆಹಣ್ಣು. ಅವರು ನೆತ್ತಿಯವರೆಗೆ ಒದ್ದೆಯಾಗಿ ಕುಣಿಯುತ್ತಿದ್ದರು. ಯಾರಿಗೆ ಬಿಡುವಿನ ದಿನವೋ ಅವರು ವೇದಿಕೆಯ ಮೇಲೆ ಬೆವರುತ್ತಿದ್ದರು. ಇದನ್ನು ನಾನು ಮೈಕಿನ ಮುಂದಿನಿಂದ ಸ್ಪಷ್ಟವಾಗಿ ನೋಡಿದೆ. ನೋಡಿಯೂ ಭಾಷಣ ಮುಂದುವರಿಸಿದೆ!

ಆಗ ಕೇಳಿಸಿತು, ತಮಟೆ.

ಕುದುರೆಯ ಜೊತೆ ತಮಟೆಯೂ ಬರುತ್ತದೆಂದು ನನಗೆ ಯಾರು ಹೇಳಿದ್ದರು? ಇಬ್ಬರು ತಮಟೆಯವರು ಮುಂದೆ, ಹಿಂದೆ ಗೆಜ್ಜೆ ಕುಣಿಸುತ್ತ ಬಿಳಿ ಕುದುರೆ, ಪಕ್ಕದಲ್ಲಿ ಬಾಷಾ. ಸೀದಾ ತೊಟ್ಟಿಯ ಪಕ್ಕದಿಂದಲೇ ಬಂದರು. ಚಿನ್ನು ಎರಡೂ ಕಿವಿ ಮುಚ್ಚಿಕೊಂಡು ಕೂಗಿದ. ಇನ್ನಿಬ್ಬರು ಮಕ್ಕಳು ಅಳತೊಡಗಿದರು. ನಾನು ಮೈಕಿನಲ್ಲೇ, "ನಿಲ್ಸಿ! ನಿಲ್ಸಿ!" ಎಂದು ಅರಚಿದೆ. ಮೈಕಿನ ಕಿರುಚಾಟ ತಮಟೆಗಿಂತ ಜೋರಾಗಿತ್ತು. ಚಿನ್ನು ಇನ್ನೂ ಜೋರಾಗಿ ಕೂಗಿದ.

"ಬಾಷಾ ಅವರೇ, ತಮಟೆ ಯಾಕ್ರೀ ತಂದ್ರಿ!"

"ತಮಟೆ ಇಲ್ದೆ ಕುದುರೆ ಹೆಜ್ಜೆ ಹಾಕಲ್ಲ ಸಾರ್. ಅದ್ಕೂ ಒಂದು ಮೂಡು ಬರ್ಬೇಕಲ್ಲ?"

ದೊಡ್ಡವರೆಲ್ಲ ಎದ್ದೆವು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬರಿಗೊಬ್ಬರು ಸೂಚನೆ ಕೊಟ್ಟುಕೊಂಡೆವು. ಅಷ್ಟರಲ್ಲಿ ಪೇಟ ಕಿತ್ತು ಎಸೆದು, ಶಾಲು ಎಳೆದುಕೊಂಡೇ ಸಿಂಚನಾ ವೇದಿಕೆಯಿಂದ ಹಾರಿದಳು. ತಮಟೆಯವರ ಮುಂದೆ ಹೋಗಿ ಕೈ ಅಡ್ಡ ಹಿಡಿದಳು. ಸದ್ದು ನಿಂತಿತು. ಗಿರಿಜಾಳ ಚೀಲದಿಂದ ಸದ್ದು ತಡೆಯುವ ಹೆಡ್‌ಫೋನ್ ತೆಗೆದು ಚಿನ್ನುಗೆ ಹಾಕಿ, ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಎರಡು ನಿಮಿಷ. ಅವನು ಸುಮ್ಮನಾದ. ಒಂದು ಬಾಳೆಹಣ್ಣು ತೆಗೆದುಕೊಂಡ.

ಶಿವಣ್ಣ ನನ್ನ ಕೈಯಿಂದ ಮೈಕು ಕಸಿದುಕೊಂಡರು. "ನೋಡಿದ್ರಾ ಬಂಧುಗಳೇ! ಇದು ಕಣ್ರೀ ತ್ಯಾಗ ಅಂದ್ರೆ! ಜೋರಾಗಿ ಚಪ್ಪಾಳೆ!"

ಎಲ್ಲರೂ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ. ಎಲ್ಲರಿಗಿಂತ ಜೋರಾಗಿ.

ಸಿಂಚನಾ ತೊಟ್ಟಿಯ ಹಿಂದಿನಿಂದ ಎದ್ದು ನೋಡಿದ ನೋಟವಿದೆಯಲ್ಲ, ಅದನ್ನು ಮರೆಯಬೇಕೆಂದು ನನ್ನ ನೆನಪಿಗೆ ಎಷ್ಟು ಸಲ ಹೇಳಿದರೂ ಕೇಳುತ್ತಿಲ್ಲ.

ಅವಳು ವಾಪಸ್ಸು ವೇದಿಕೆಗೆ ಬಂದಳು. ನಾನು ಅದನ್ನು ಸಮ್ಮತಿಯೆಂದು ಭಾವಿಸಿ, ಮೊದಲ ಬಿನ್ನವತ್ತಳೆ ಅವಳದೇ ಆಗಲಿ ಎಂದು ಗಂಟಲು ಸರಿಮಾಡಿಕೊಂಡು ಓದತೊಡಗಿದೆ.

"ಸಹೋದರಪ್ರೇಮದ ಸಾಕಾರಮೂರ್ತಿಯೇ! ತಮ್ಮನ ಚಿಕಿತ್ಸೆಗಾಗಿ ನೀವು ನೃತ್ಯಾಭ್ಯಾಸವನ್ನೇ ತ್ಯಜಿಸಿದಿರಿ..."

"ಬಿಟ್ಟಿದ್ದಲ್ಲ, ಬಿಡಿಸಿದ್ದು" ಎಂಬ ದನಿ ಬಂತು. ಸಿಂಚನಾ ಇನ್ನೊಂದು ಮೈಕು ಹಿಡಿದಿದ್ದಳು. "ಅವನ ಥೆರಪಿ ಟೈಮೂ ಡ್ಯಾನ್ಸ್ ಕ್ಲಾಸ್ ಟೈಮೂ ಒಂದೇ ಆಯ್ತು. ಒಂದ್ ತಿಂಗಳು ಅಂದ್ರಿ. ಎರಡು ವರ್ಷ ಆಯ್ತು."

ಸಭೆ ನಕ್ಕಿತು. ಮಕ್ಕಳ ಮುಗ್ಧತೆ! ನಾನೂ ನಕ್ಕು ಮುಂದುವರಿಸಿದೆ. "ಜನ್ಮದಿನದಂದು ಮೇಣದಬತ್ತಿಯನ್ನು ತಮ್ಮನಿಂದಲೇ ಊದಿಸಿ ಸಂತಸಪಟ್ಟಿರಿ..."

"ನಾನು ಊದೋಷ್ಟರಲ್ಲಿ ಅವನು ಊದಿದ. ಅವನಿಗೆ ಊದಕ್ಕೆ ಬಂತು ಅಂತ ನೀವೆಲ್ಲ ಖುಷಿಪಟ್ರಿ. ಇನ್ನೊಂದ್ಸಲ ಹಚ್ಚಲೇ ಇಲ್ಲ."

ಈ ಸಲ ಯಾರೂ ನಗಲಿಲ್ಲ. ನಾನು ನಿಲ್ಲಿಸಬೇಕಿತ್ತು. ಆದರೆ ಚೌಕಟ್ಟು ಹಾಕಿಸಿದ ಬಿನ್ನವತ್ತಳೆ ಅರ್ಧಕ್ಕೆ ನಿಲ್ಲಿಸುವುದು ಹೇಗೆ? "ತಮ್ಮ ಪಾಲಿನ ದೋಸೆಯಲ್ಲಿ ಅರ್ಧವನ್ನು ನಿತ್ಯವೂ ತಮ್ಮನಿಗೆ ಮೀಸಲಿಡುವ ಕರುಣಾಮಯಿಯೇ..."

"ಅಪ್ಪಾ, ಅರ್ಧ ನಾನು ಕೊಡಲ್ಲ. ನೀನು ಬಂದು ಮುರ್ಕೊಂಡು ಹೋಗ್ತೀಯ."

ಸಿ.ಎಸ್. ಪುರದಿಂದ ಬಂದಿದ್ದ ಭೂಮಿಕಾ ಎಂಬ ಪುಟ್ಟ ಹುಡುಗಿ ಪೇಟ ಎತ್ತಿ ಹಿಡಿದು, "ಅಕ್ಕಾ, ನಂಗೂ ಮೈಕು ಕೊಡು. ನಾನೂ ಹೇಳ್ಬೇಕು" ಎಂದಳು. ಅವಳ ಹಿಂದೆ ಸಾಲು ಶುರುವಾಯಿತು! ಒಬ್ಬಳ ಹುಟ್ಟುಹಬ್ಬ ಆಸ್ಪತ್ರೆಯಲ್ಲಿ ಕಳೆದಿತ್ತು. ಒಬ್ಬನ ಪುಸ್ತಕ ಪ್ರತಿ ವಾರ ಹರಿಯುತ್ತಿತ್ತು, ಪ್ರತಿ ವಾರ ಅವನೇ 'ಅಡ್ಜಸ್ಟ್' ಮಾಡಿಕೊಳ್ಳಬೇಕಿತ್ತು. ಇನ್ನೊಬ್ಬ, "ನಂಗೆ ಏನೂ ಹೇಳಕ್ಕಿಲ್ಲ, ಸುಮ್ನೆ ಮೈಕಲ್ಲಿ ಮಾತಾಡ್ಬೇಕಿತ್ತು" ಎಂದ. ಅಪ್ಪ ಅಮ್ಮಂದಿರು ತಲೆ ತಗ್ಗಿಸಿದರು. ಶಿವಣ್ಣ ವಂದನಾರ್ಪಣೆಗೆ ಎದ್ದರು, ಶೈಲಾ ಮೇಡಂ ಅವರನ್ನು ಕೂರಿಸಿದರು. ಈ ಗಂಭೀರ ಘಳಿಗೆಯಲ್ಲಿ ವೇದಿಕೆಯ ಪಕ್ಕ ಕಟ್ಟಿದ್ದ ಕುದುರೆ ಹಾರಗಳ ಬುಟ್ಟಿಗೆ ಬಾಯಿ ಹಾಕಿತು. ಹದಿನಾಲ್ಕು ಸೇವಂತಿಗೆ ಹಾರದಲ್ಲಿ ಒಂಬತ್ತು ಮುಗಿಸಿತು. ಯಾರೂ ತಡೆಯಲಿಲ್ಲ. ಆವತ್ತು ಮನಸಾರೆ ಸನ್ಮಾನ ಸ್ವೀಕರಿಸಿದ್ದು ಅದೊಂದೇ.

ಕೊನೆಗೆ ನಾನು ಸಿಂಚನಾ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಆದ್ರೆ ನೀನು ಬರೆದಿದ್ದು ಮಾಡಿದೀನಿ ಕಣೇ. ಚಿನ್ನುಗೆ ಕುದುರೆ ತೋರಿಸು ಅಂತ..."

"ನಾನೆಲ್ಲಿ ಹಂಗೆ ಬರ್ದಿದೀನಿ?"

"ನಾನೇ ಓದಿದೆನಲ್ಲ."

"ದಾಖಲೆ ಎಲ್ಲಿದೆ?" ಎಂದಳು ನನ್ನ ಮಗಳು.

ಉತ್ತರ ಅವಳೇ ಕೊಟ್ಟಳು. "ಫ್ರಿಜ್ ಮೇಲಿದೆ. ನೀನು ಅದರ ಮೇಲೆ ಚಿನ್ನು ಟೈಮ್‌ಟೇಬಲ್ ಅಂಟಿಸಿದೀಯ."

ಮನೆಗೆ ಬಂದವನೇ ವೇಳಾಪಟ್ಟಿ ಕಿತ್ತೆ. ಅದನ್ನು ಅಂಟಿಸಿದ ನೆನಪು ನನಗಿಲ್ಲ. ಆದರೆ ಕೈಬರಹ ನನ್ನದು, ಟೇಪು ನಮ್ಮ ಕಾಲೇಜಿನದು. ಕೆಳಗೆ ನೀಲಿ ಸ್ಕೆಚ್‌ಪೆನ್ನಿನಲ್ಲಿ ಒಂದು ಸಾಲು:

'ಕುಣಿಗಲ್‌ಗೆ ಬಸ್ಸಲ್ಲಿ ಹೋಗಿ ಕುದುರೆ ನೋಡಬೇಕು. ಅಪ್ಪ, ನಾನು. ಅಷ್ಟೇ.'

ಇತಿಹಾಸದ ಮೇಷ್ಟ್ರು! ಎರಡು ವಾರ ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆದು ಹಾಲು, ಮಜ್ಜಿಗೆ, ಉಪ್ಪಿನಕಾಯಿ ಎಲ್ಲ ತೆಗೆದುಕೊಂಡಿದ್ದೇನೆ. ಮೂಲ ದಾಖಲೆ ಒಂದನ್ನು ಬಿಟ್ಟು. ಕುದುರೆ ನೆನಪಿಟ್ಟುಕೊಂಡೆ. 'ಅಷ್ಟೇ' ಮರೆತೆ. ಇರದ ಚಿನ್ನುವನ್ನು ನಾನೇ ಸೇರಿಸಿದೆ, ಯಾಕೆಂದರೆ ನಮ್ಮ ಮನೆಯ ಯಾವ ವಾಕ್ಯವೂ ಅವನಿಲ್ಲದೆ ಮುಗಿಯುವುದಿಲ್ಲ.

ಗಿರಿಜಾ ಚೀಟಿ ಓದಿದಳು. ವೇಳಾಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ, "ನಾನೂ ನೋಡ್ಲಿಲ್ಲವಲ್ರೀ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಅವಳ ಮೇಲಾದರೂ ಕೋಪ ಮಾಡಿಕೊಳ್ಳಬಹುದಿತ್ತು!

ಮುಂದಿನ ಭಾನುವಾರ ಚಿನ್ನುವನ್ನು ಗಿರಿಜಾ ನೋಡಿಕೊಂಡಳು. ನಾವಿಬ್ಬರೂ ಕುಣಿಗಲ್ ಬಸ್ಸು ಹತ್ತಿದೆವು. ಹೊರಡುವಾಗ ಚಿನ್ನು ಬಾಗಿಲಿಗೆ ಬಂದು ಅವಳ ಜಡೆ ಹಿಡಿದುಕೊಂಡ. "ನೀನು ಆಮೇಲೆ ಕಣೋ. ಇವತ್ತು ನಂದು" ಎಂದು ಅವಳು ಮೆಲ್ಲಗೆ ಬಿಡಿಸಿಕೊಂಡಳು. ಅವಳು ಹಿಂದಿರುಗಿ ನೋಡುತ್ತಾಳೇನೋ ಎಂದು ಕಾದೆ. ನೋಡಲಿಲ್ಲ. ಹಿಂದಿರುಗಿ ನೋಡಿದವನು ನಾನು.

"ಎಷ್ಟು ಟಿಕೆಟ್?" ಎಂದರು ಕಂಡಕ್ಟರು.

"ಎರಡು" ಎಂದೆ.

"ಅಷ್ಟೇ" ಎಂದಳು ಸಿಂಚನಾ.

ಕುಣಿಗಲ್‌ನ ಕುದುರೆ ಫಾರಂನಲ್ಲಿ ಬೇಲಿಯ ಆಚೆ ಒಂದು ಕಂದು ಕುದುರೆ, ಅದರ ಪಕ್ಕ ಮರಿ. ಕನ್ನಡಿ ಇಲ್ಲ, ಗೆಜ್ಜೆ ಇಲ್ಲ, ತಮಟೆ ಇಲ್ಲ. ಸುಮ್ಮನೆ ಮೇಯುತ್ತಿದ್ದವು. ಅವಳು ಬೇಲಿ ಹಿಡಿದು ನಿಂತಳು. ನಾನು ಮೈಸೂರು ಸೀಮೆಯ ಕುದುರೆ ಸೈನ್ಯದ ವಿಚಾರವಾಗಿ ಬಾಯಿ ತೆರೆದೆ. "ಅಪ್ಪಾ, ಸುಮ್ನೆ ನೋಡು" ಎಂದಳು. ಸುಮ್ಮನೆ ನೋಡಿದೆ. ಮುಕ್ಕಾಲು ಗಂಟೆ ಮಾತಾಡದೆ ಇದ್ದದ್ದು ನನ್ನ ಸೇವಾವಧಿಯಲ್ಲೇ ಮೊದಲು.

ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲ್ಲು. ಎರಡು ಮಸಾಲೆ ದೋಸೆ ಬಂದವು. ಅವಳ ತಟ್ಟೆಯ ಮೇಲೆ ಏನೋ ಹರಿದಾಡಿದಂತಾಯಿತು. ನೋಡಿದರೆ ನನ್ನದೇ ಕೈ! ಆಗಲೇ ದೋಸೆಯ ಒಂದು ತುದಿ ಹಿಡಿದಿತ್ತು. ಸತ್ಯವಾಗಿ ಹೇಳುತ್ತೇನೆ, ನಾನು ಕಳಿಸಿದ್ದಲ್ಲ. ಅದಕ್ಕೆ ದಾರಿ ಗೊತ್ತಿತ್ತು.

ಸಿಂಚನಾ ನನ್ನ ಕೈಯನ್ನು ಎತ್ತಿ ನನ್ನ ತಟ್ಟೆಯ ಪಕ್ಕ ಇಟ್ಟಳು. "ನಿನ್ನ ದೋಸೆಲಿ ಅರ್ಧ ಕಟ್ಟಿಸ್ಕೋ ಅವನಿಗೆ."

"ಇನ್ನೊಂದು ದೋಸೆ ಪಾರ್ಸಲ್ ಹೇಳಿದ್ರಾಯ್ತು..."

"ಊಹೂಂ. ಅರ್ಧ. ನಿಂದ್ರಲ್ಲಿ. ಹೆಂಗಿರುತ್ತೆ ನೋಡು."

ನನ್ನ ದೋಸೆಯಲ್ಲಿ ಅರ್ಧ ಮುರಿದು ಪಾರ್ಸಲ್ ಕಟ್ಟಿಸಿದೆ. ಆಲೂಗೆಡ್ಡೆ ಪಲ್ಯ ಪೂರ್ತಿ ಆ ಅರ್ಧಕ್ಕೇ ಹೋಯಿತು. ಅವಳು ತನ್ನ ದೋಸೆಯನ್ನು ತುದಿಯಿಂದ ತುದಿಗೆ ತಿಂದು, ಚಟ್ನಿಯನ್ನೂ ಬೆರಳಲ್ಲಿ ಸವರಿದಳು. ಹನ್ನೊಂದು ವರ್ಷದ ಹುಡುಗಿ ಪೂರ್ತಿ ದೋಸೆ ತಿನ್ನಲು ಎಷ್ಟು ಹೊತ್ತು ಬೇಕೆಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಚೀಲದಿಂದ ಏನನ್ನೋ ತೆಗೆದಳು. ಗುಬ್ಬಿಯ ಶಾಲು! ಸೀಟು ಒರೆಸಲು ತಂದಿದ್ದಳಂತೆ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಥೇಟ್ ನನ್ನ ದನಿಯಲ್ಲಿ, "ತಮ್ಮ ಪಾಲಿನ ದೋಸೆಯಲ್ಲಿ ಅರ್ಧವನ್ನು ಮಗನಿಗೆ ಮೀಸಲಿಟ್ಟ ತ್ಯಾಗಮಯಿ ತಂದೆಯೇ!" ಎಂದು ನನಗೆ ಶಾಲು ಹೊದಿಸಿದಳು. ಒಬ್ಬಳೇ ಚಪ್ಪಾಳೆ ಹೊಡೆದಳು.

ಕಂಡಕ್ಟರು ತಿರುಗಿ ನೋಡಿದರು. "ಏನ್ ಸಾರ್, ಸನ್ಮಾನನಾ? ಯಾವ್ ವಿಷ್ಯಕ್ಕೆ?"

"ಅರ್ಧ ದೋಸೆಗೆ" ಎಂದೆ ಗಂಭೀರವಾಗಿ.

ಅವಳು ಕಿಟಕಿಗೆ ಹಣೆ ಆನಿಸಿ ನಗುತ್ತಲೇ ಇದ್ದಳು. ಹೆಬ್ಬೂರು ದಾಟುವಾಗ ನನಗೆ ಏನೋ ಅನುಮಾನ ಬಂತು. ಕಾಲಡಿ ನೋಡಿದೆ. ಚೀಲ ನೋಡಿದೆ. ಎರಡೂ ಜೇಬು ಮುಟ್ಟಿ ನೋಡಿಕೊಂಡೆ.

ಪಾರ್ಸಲ್ಲು ಕುಣಿಗಲ್‌ನ ಹೋಟೆಲ್ಲಿನ ಮೇಜಿನ ಮೇಲೇ ಉಳಿದಿತ್ತು.

ಅವಳಿಗೆ ಹೇಳಲಿಲ್ಲ. ಶಾಲನ್ನೂ ತೆಗೆಯಲಿಲ್ಲ.